ಅಪ್ಪನನ್ನು ಗೋಮುಖಕ್ಕೆ ಕರೆದುಕೊಂಡು ಹೋಗಬೇಕು. ಹಿಮನದಿ ಮೇಲೆ ನಡೆಯೋಕೆ ಆಗುತ್ತಾ?

ಕೊಪ್ಪದ_ಕಾಫಿಗಿಡ
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪದ ಹತ್ತಿರ ಸಣ್ಣ ತೋಟ. ಅಪ್ಪನಿಗೆ 63 ವರ್ಷ. ಗಂಗೆ ಹುಟ್ಟುವ ಜಾಗ ನೋಡಬೇಕು, ಹಿಮನದಿ ಮೇಲೆ ನಾಲ್ಕು ಹೆಜ್ಜೆ ನಡೆಯಬೇಕು ಅನ್ನುವುದು ಅವರ ಬಹಳ ವರ್ಷದ ಆಸೆ. ಅರೇಬಿಕಾ ಕೊಯ್ಲು ಶುರುವಾದರೆ ಮನೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ಹಾಗಾಗಿ ಅಕ್ಟೋಬರ್ ಮೊದಲ ವಾರ ಹೊರಡುವ ಯೋಚನೆ.

ಅಪ್ಪ ಗಟ್ಟಿ ಇದ್ದಾರೆ. ಈಗಲೂ ದಿನಾ ತೋಟದ ಏರು ಹತ್ತಿ ಇಳಿಯುತ್ತಾರೆ. ಒಂದು ಬಿಪಿ ಮಾತ್ರೆ ಬಿಟ್ಟರೆ ಬೇರೇನಿಲ್ಲ. ಗೋಮುಖದಲ್ಲಿ ನಿಜವಾಗಿಯೂ ಮಂಜುಗಡ್ಡೆ ಮೇಲೆ ನಡೆಯಬಹುದಾ? ಟ್ರೆಕ್ಕಿಂಗ್ ಕಂಪನಿ ಜೊತೆ ಹೋಗಬೇಕಾ, ನಾವೇ ಹೋದರೆ ಸಾಕಾ? ಅಮ್ಮ ಬೇರೆ "ಅಷ್ಟು ದುಡ್ಡಿಗೆ ಕಾಶಿ, ರಾಮೇಶ್ವರ ಎರಡೂ ಮುಗಿಸಬಹುದು" ಅಂತ ಕೂತಿದ್ದಾರೆ.

ಸಕಲೇಶಪುರ_ಘಾಟಿ
ಧಾರಾಳವಾಗಿ ಹೋಗಿ. ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತಿದವರಿಗೆ ಗೋಮುಖ ಯಾವ ಲೆಕ್ಕ? ಮಲೆನಾಡಿನ ಕಾಲು ನಮ್ಮದು. ಬೆಂಗಳೂರಿನವರೇ ಹೋಗಿ ಬರುತ್ತಾರೆ.

ಗಿರಿಸೀಮೆ
ಘಾಟಿಯವರೇ, ಇದು ಕಾಲಿನ ವಿಷಯ ಅಲ್ಲ ಮಾರಾಯ್ರೆ, ಉಸಿರಿನ ವಿಷಯ. ಮುಳ್ಳಯ್ಯನಗಿರಿ ನಮ್ಮ ರಾಜ್ಯದಲ್ಲೇ ಎತ್ತರ ಸರಿ, ಆದರೂ 1,930 ಮೀಟರ್ ಅಷ್ಟೇ. ಗಂಗೋತ್ರಿಯಲ್ಲಿ ಗಾಡಿಯಿಂದ ಇಳಿಯುವಾಗಲೇ 3,100 ಮೀಟರ್ ಹತ್ತಿರ ಇರುತ್ತೀರಿ. ಗೋಮುಖ ಸುಮಾರು 4,000. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ. 60ರಷ್ಟು. ಅದಕ್ಕೆ ಕೊಪ್ಪದ ಕಾಲು, ಬೆಂಗಳೂರಿನ ಕಾಲು ಅಂತ ಭೇದ ಇಲ್ಲ.

ಬೇಲೂರು_ಬಸ್‌ಸ್ಟ್ಯಾಂಡ್
ನಾನು ಮನಾಲಿಗೆ ಹೋದಾಗ ರೋಹ್ತಾಂಗ್‌ನಲ್ಲಿ ಗ್ಲೇಶಿಯರ್ ಮೇಲೆ ಸ್ನೋ ಸ್ಕೂಟರ್ ಓಡಿಸಿದ್ದೇನೆ. ಏನೂ ಆಗಲಿಲ್ಲ.

ಮೇಷ್ಟ್ರು_ಕಡೂರು
ಬೇಲೂರಿನವರೇ, ನೀವು ಓಡಿಸಿದ್ದು ಆ ಚಳಿಗಾಲದಲ್ಲಿ ಬಿದ್ದ ಹಿಮದ ಮೇಲೆ. ಅದು ಬೇಸಿಗೆ ಮುಗಿಯುವಷ್ಟರಲ್ಲಿ ಕರಗಿ ಹೋಗುತ್ತದೆ. ಹಿಮನದಿ ಬೇರೆ. ವರ್ಷ ವರ್ಷ ಬಿದ್ದ ಹಿಮ ಕರಗದೆ ಒಂದರ ಮೇಲೊಂದು ಕೂತು, ಭಾರಕ್ಕೆ ಒತ್ತಿ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಆಮೇಲೆ ತನ್ನದೇ ಭಾರಕ್ಕೆ ನಿಧಾನವಾಗಿ ಇಳಿಜಾರಿನ ಕಡೆ ಹರಿಯುತ್ತದೆ. ಹರಿಯುವಾಗ ಕೆಳಗಿನ ನೆಲ ಕಡಿದಾದ ಕಡೆ ಮೇಲ್ಮೈ ಸೀಳಿ ಆಳವಾದ ಬಿರುಕು ಬೀಳುತ್ತದೆ. ಅದಕ್ಕೇ ಕ್ರೆವಾಸ್ ಅನ್ನುವುದು. ಅದರೊಳಗೆ ಬಿದ್ದು ಜನ ಸಾಯುತ್ತಾರೆ.

ಬೇಲೂರು_ಬಸ್‌ಸ್ಟ್ಯಾಂಡ್
ಹಾಗಾದರೆ ಆ ಸ್ಕೂಟರಿನವನು ನನಗೆ ಸುಳ್ಳು ಹೇಳಿ ಜಾಸ್ತಿ ದುಡ್ಡು ಕಿತ್ತುಕೊಂಡ ಅನ್ನಿ 😄

ಮೂಡಿಗೆರೆ_ಮಳೆ
ಕೊಪ್ಪದ ಅಕ್ಕಾ, ನಾನು ಗೋಮುಖಕ್ಕೆ ಹೋಗಿ ಬಂದವನು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ.

ಗಂಗೋತ್ರಿಯಿಂದ ಗೋಮುಖಕ್ಕೆ 18 ಕಿ.ಮೀ. ಅದು ರಾಷ್ಟ್ರೀಯ ಉದ್ಯಾನದ ಒಳಗೆ ಬರುತ್ತದೆ, ಅರಣ್ಯ ಇಲಾಖೆಯ ಪರ್ಮಿಟ್ ಬೇಕೇ ಬೇಕು. ದಿನಕ್ಕೆ 150 ಜನರಿಗೆ ಮಾತ್ರ. ಅಕ್ಟೋಬರ್ ಅಂದರೆ ದಸರಾ ರಜೆ, ಬಂಗಾಳಿಗಳು ದಂಡು ಕಟ್ಟಿಕೊಂಡು ಬರುತ್ತಾರೆ. ಮೊದಲೇ ಮಾಡಿಸಿ. ದಾರಿ ಕಷ್ಟವಿಲ್ಲ, ಭಾಗೀರಥಿಯನ್ನು ಬಲಗಡೆ ಇಟ್ಟುಕೊಂಡು ಹೋಗುವುದು. 9 ಕಿ.ಮೀ.ಗೆ ಚಿರ್‌ಬಾಸಾ, ಅಲ್ಲಿವರೆಗೆ ಮರಗಳಿವೆ. ಆಮೇಲೆ ಬೋಳು. ಅದರ ಮುಂದೆ ಒಂದು ಜಾಗದಲ್ಲಿ ಗುಡ್ಡದ ಮೇಲಿಂದ ಕಲ್ಲು ಉರುಳುತ್ತಲೇ ಇರುತ್ತವೆ. ಮಧ್ಯಾಹ್ನ ಗಾಳಿ ಎದ್ದ ಮೇಲೆ ಜಾಸ್ತಿ. ಅಲ್ಲಿ ಫೋಟೊ, ಬಿಸ್ಕತ್ತು ಅಂತ ನಿಲ್ಲಬಾರದು, ತಲೆ ಎತ್ತಿ ನೋಡಿಕೊಂಡು ದಾಟಿಬಿಡಬೇಕು. 14 ಕಿ.ಮೀ.ಗೆ ಭೋಜ್‌ಬಾಸಾ. ಉಳಿಯುವುದು ಅಲ್ಲೇ. ಆಶ್ರಮದಲ್ಲಿ ಅನ್ನ, ಬೇಳೆ, ಕುದಿಯುವ ಚಹಾ ಸಿಗುತ್ತದೆ. ರಾತ್ರಿ ಚಳಿ ಎಷ್ಟು ಅಂದರೆ ಬಾಟಲಿ ನೀರನ್ನು ಮಲಗುವ ಚೀಲದೊಳಗೆ ಇಟ್ಟುಕೊಂಡು ಮಲಗಿದೆವು.

ಕೊನೆಯ 4 ಕಿ.ಮೀ. ಮರುದಿನ. ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಅಪ್ಪನ ಮನಸ್ಸಿನಲ್ಲಿ ಬೆಳ್ಳಗೆ ಹೊಳೆಯುವ ಬಯಲು ಇದ್ದರೆ ಈಗಲೇ ಹೇಳಿಬಿಡಿ, ಹಾಗಿಲ್ಲ. ಗಂಗೋತ್ರಿ ಹಿಮನದಿ ಸುಮಾರು 30 ಕಿ.ಮೀ. ಉದ್ದ ಇದೆ, ಆದರೆ ಕೆಳಗಿನ ಭಾಗ ಪೂರ್ತಿ ಕಲ್ಲುಮಣ್ಣಿನಲ್ಲಿ ಮುಚ್ಚಿಹೋಗಿದೆ. ದೂರದಿಂದ ನೋಡಿದರೆ ಥೇಟ್ ಜಲ್ಲಿ ಕ್ವಾರಿ. ಮುಂದೆ ಹೋದ ಮೇಲೆ ಆ ರಾಶಿ ಕಡಿದ ಹಾಗೆ ನಿಂತಿರುವ ಕಡೆ ಮಂಜುಗಡ್ಡೆ ಕಾಣುತ್ತದೆ. ಬಿಳಿ ಅಲ್ಲ, ಕೊಳೆ ಹಸಿರು, ನಡುವೆ ಮರಳಿನ ಗೆರೆ. ಮೇಲಿನ ಅಂಚಿನಿಂದ ನೀರು ಒಂದೇ ಸಮ ತೊಟ್ಟಿಕ್ಕುತ್ತಿರುತ್ತದೆ. ಆಗಾಗ ಒಂದೊಂದು ಕಲ್ಲು ಜಾರಿ, ಮೂರ್ನಾಲ್ಕು ಸಲ ಪುಟಿದು ಹೊಳೆಗೆ ಬೀಳುತ್ತದೆ. ಹೊಳೆಯೋ ಮಣ್ಣು ಬಣ್ಣ, ಅದರಲ್ಲಿ ಮಂಜುಗಡ್ಡೆ ತುಂಡು ತೇಲಿ ಬರುತ್ತವೆ. ನಮ್ಮ ಜೊತೆ ಬಂದಿದ್ದ ಒಬ್ಬರು "ಇಷ್ಟೇನಾ?" ಅಂದರು. ನನಗೆ ಮಾತ್ರ ಅಲ್ಲಿಂದ ಕಾಲು ಕೀಳಲು ಮನಸ್ಸೇ ಬರಲಿಲ್ಲ.

ಹಿಮನದಿಯ ಮೂತಿ, ಅಂದರೆ ಅದರ ಕೆಳತುದಿಯ ಹತ್ತಿರಕ್ಕೆ ಬಿಡುವುದಿಲ್ಲ. ಯಾವಾಗ ಬೇಕಾದರೂ ಕುಸಿಯುತ್ತದೆ. ನಡೆಯುವುದು ದೂರದ ಮಾತು.

ಸಕಲೇಶಪುರ_ಘಾಟಿ
ಗೋಮುಖದಿಂದ ಮೇಲಿರುವ ತಪೋವನಕ್ಕೆ ಹೋದರೆ ಹಿಮನದಿ ಮೇಲೆಯೇ ದಾಟುವುದು. ಶಿವಲಿಂಗ ಪರ್ವತ ಎದುರಿಗೇ ನಿಂತಿರುತ್ತದೆ. ಗೋಮುಖದವರೆಗೆ ಹೋಗಿ ವಾಪಸ್ ಬರುವುದು ಯಾರಿಗೆ ಬೇಕು? ಅಪ್ಪನನ್ನು ಅಲ್ಲಿಗೇ ಕರೆದುಕೊಂಡು ಹೋಗಿ.

ಮೂಡಿಗೆರೆ_ಮಳೆ
63 ವರ್ಷದವರನ್ನು ಮೊದಲ ಸಲವೇ ತಪೋವನಕ್ಕಾ? ಅದು 4,400 ಮೀಟರಿಗಿಂತ ಮೇಲೆ. ದಾಟುವ ಜಾಗದಲ್ಲಿ ದಾರಿ ಅಂತ ಒಂದಿಲ್ಲ. ಹಿಮನದಿ ಸರಿದಂತೆ ದಾರಿಯೂ ಬದಲಾಗುತ್ತದೆ. ಗೈಡ್‌ಗಳೇ ಕಲ್ಲು ಗುಡ್ಡೆ ಹಾಕಿ ಗುರುತು ಮಾಡಿಕೊಳ್ಳುತ್ತಾರೆ.

ಹಾಸನ_ಟು_ರೇಕ್ಯಾವಿಕ್
ನಾನು ಹಾಸನದ ಕೆ.ಆರ್. ಪುರಂ ಹುಡುಗ, ಈಗ ಕೆಲಸಕ್ಕೆ ಐಸ್‌ಲ್ಯಾಂಡ್‌ನಲ್ಲಿದ್ದೇನೆ. ಮಂಜುಗಡ್ಡೆ ಮೇಲೆ ನಡೆಯುವುದೇ ಮುಖ್ಯ ಅಂದರೆ ಇಲ್ಲಿಗೆ ಬನ್ನಿ. ರಾಜಧಾನಿಯಿಂದ ಸುಮಾರು 150 ಕಿ.ಮೀ. ದೂರದಲ್ಲಿ ಸೋಲ್ಹೈಮಾಯೋಕುಲ್ ಅಂತ ಹಿಮನದಿ ಇದೆ. ಅದರ ತುದಿ ಸಮುದ್ರಮಟ್ಟದಿಂದ ಸ್ವಲ್ಪವೇ ಮೇಲಿದೆ, ಉಸಿರಾಟದ ತೊಂದರೆ ಅನ್ನುವ ಪ್ರಶ್ನೆಯೇ ಇಲ್ಲ. ಅರವತ್ತು ದಾಟಿದವರು ಆರಾಮಾಗಿ ಬಂದು ಹೋಗುತ್ತಾರೆ.

ಹೆಲ್ಮೆಟ್, ಸೊಂಟಕ್ಕೆ ಬೆಲ್ಟು, ಕೈಗೆ ಐಸ್ ಕೊಡಲಿ ಕೊಡುತ್ತಾರೆ. ಬೂಟಿನ ಅಡಿಗೆ ಕ್ರಾಂಪಾನ್ ಕಟ್ಟುತ್ತಾರೆ, ಅಂದರೆ ಕಬ್ಬಿಣದ ಮೊಳೆಗಳ ಚೌಕಟ್ಟು. ಹಿಮ್ಮಡಿ ಊರಿ ನಡೆಯುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಅಂಗಾಲು ಪೂರ್ತಿ ಚಪ್ಪಟೆಯಾಗಿ ಊರಬೇಕು, ಎಲ್ಲ ಮೊಳೆಯೂ ಒಟ್ಟಿಗೆ ಕಚ್ಚಬೇಕು. ಕಾಲು ಸ್ವಲ್ಪ ಅಗಲ ಇಟ್ಟು ನಡೆಯಬೇಕು. ಇಲ್ಲದಿದ್ದರೆ ಒಂದು ಕಾಲಿನ ಮೊಳೆ ಇನ್ನೊಂದು ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ಮೊದಲ ಹತ್ತು ನಿಮಿಷ ಎಲ್ಲರೂ ಬಾತುಕೋಳಿ. ಆಮೇಲೆ ಕರ್ ಕರ್ ಅನ್ನುವ ಸದ್ದೇ ಧೈರ್ಯ ಕೊಡುತ್ತದೆ.

ಇಲ್ಲೂ ಪೂರ್ತಿ ಬೆಳ್ಳಗಿಲ್ಲ. ಜ್ವಾಲಾಮುಖಿಯ ಕಪ್ಪು ಬೂದಿ ಪದರ ಪದರವಾಗಿ ಕೂತಿದೆ. ಬಿರುಕಿನೊಳಗೆ ಬಗ್ಗಿ ನೋಡಿದರೆ ಮಾತ್ರ ಆ ನೀಲಿ. ಗಾಳಿಗುಳ್ಳೆ ಇಲ್ಲದ ದಟ್ಟ ಮಂಜುಗಡ್ಡೆ ಬೆಳಕಿನ ಕೆಂಪು ಭಾಗ ಹೀರಿಕೊಂಡು ನೀಲಿ ಮಾತ್ರ ಹೊರಗೆ ಬಿಡುತ್ತದೆ. ಒಂದು ಕಡೆ ಕರಗಿದ ನೀರು ಸಣ್ಣ ಕಾಲುವೆಯಾಗಿ ಹರಿದು ಬಂದು, ಬಾವಿಯಂಥ ತೂತಿಗೆ ಸುಳಿ ಸುತ್ತಿ ಬೀಳುತ್ತದೆ. ತಳ ಕಾಣುವುದಿಲ್ಲ. ಸದ್ದು ಮಾತ್ರ ಎಲ್ಲೋ ಕೆಳಗಿನಿಂದ ಬರುತ್ತದೆ. ಗೈಡ್ ನಮ್ಮ ಬೆಲ್ಟ್ ಹಿಡಿದುಕೊಂಡು ಒಬ್ಬೊಬ್ಬರಿಗೇ ತೋರಿಸಿದ.

ಚನ್ನರಾಯಪಟ್ಟಣ_ತೆಂಗು
ಐಸ್‌ಲ್ಯಾಂಡಾ! ಒಂದು ವರ್ಷದ ಮೆಣಸು ಪೂರ್ತಿ ಮಾರಬೇಕಾಗುತ್ತದೆ. ನಮ್ಮಂಥವರು ತೆಂಗಿನಕಾಯಿ ಮಾರಿದರೆ ಏರ್‌ಪೋರ್ಟ್ ಟ್ಯಾಕ್ಸಿಗೆ ಸಾಕು.

ಕೊಪ್ಪದ_ಕಾಫಿಗಿಡ
ಈ ವರ್ಷ ಮೆಣಸೇ ಇಲ್ಲ ಅಣ್ಣ, ಬಳ್ಳಿಗೆ ಸೊರಗು ರೋಗ. ಅಪ್ಪನಿಗೆ ಐಸ್‌ಲ್ಯಾಂಡ್ ಫೋಟೊ ತೋರಿಸಿದೆ. "ಚೆನ್ನಾಗಿದೆ, ಆದರೆ ಅಲ್ಲಿ ಗಂಗೆ ಇಲ್ಲವಲ್ಲ" ಅಂದರು.

ಗಿರಿಸೀಮೆ
ಅಪ್ಪ ಗೆದ್ದರು 👏

ಹಾಸನ_ಟು_ರೇಕ್ಯಾವಿಕ್
ಸರಿ ಬಿಡಿ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಇಲ್ಲಿಗೆ ಬರುವ ಬೇರೆಯವರಿಗೆ ಒಂದು ಮಾತು. ಬೇಸಿಗೆಯಲ್ಲಿ ಯಾರಾದರೂ ಐಸ್ ಗುಹೆ ತೋರಿಸುತ್ತೇವೆ ಅಂದರೆ ಎರಡು ಸಲ ಯೋಚನೆ ಮಾಡಿ. 2024ರ ಆಗಸ್ಟ್‌ನಲ್ಲಿ ಬ್ರೇಡಾಮೆರ್ಕುರ್ ಹಿಮನದಿಯಲ್ಲಿ ಮಂಜುಗಡ್ಡೆ ಕುಸಿದು ಅಮೆರಿಕದ ಪ್ರವಾಸಿಯೊಬ್ಬರು ಸತ್ತರು. ಗುಹೆಗೆ ಚಳಿಗಾಲವೇ ಸರಿ.

ಮಾಜಿಸೈನಿಕ_ಅರಕಲಗೂಡು
ಸಕಲೇಶಪುರದವರು ಬರೆದದ್ದು ಓದಿ ಸುಮ್ಮನೆ ಇರೋಕೆ ಆಗಲಿಲ್ಲ. ನಾನು ಸಿಯಾಚಿನ್‌ನಲ್ಲಿ ಡ್ಯೂಟಿ ಮಾಡಿದವನು. 76 ಕಿ.ಮೀ. ಉದ್ದದ ಹಿಮನದಿ ಅದು. ಮೇಲೆ ಕಳಿಸುವ ಮೊದಲು ಬೇಸ್ ಕ್ಯಾಂಪಿನಲ್ಲಿ ವಾರಗಟ್ಟಲೆ ತರಬೇತಿ. ಹಗ್ಗ ಕಟ್ಟುವುದು, ಮಂಜಿನ ಗೋಡೆ ಹತ್ತುವುದು, ಬಿರುಕಿಗೆ ಬಿದ್ದವನನ್ನು ಎಳೆಯುವುದು. ಮೇಲೆ ಹೋಗುವಾಗಲೂ ಒಂದೇ ಹಗ್ಗಕ್ಕೆ ಎಲ್ಲರನ್ನೂ ಕಟ್ಟುತ್ತಾರೆ. ಮುಂದಿನವನು ಕೋಲಿನಿಂದ ಚುಚ್ಚಿ ನೋಡಿ ಕಾಲಿಡುತ್ತಾನೆ, ಹಿಂದಿನವರು ಅದೇ ಹೆಜ್ಜೆಯಲ್ಲಿ ಹೆಜ್ಜೆ ಇಡಬೇಕು. ಹೊಸ ಹಿಮ ಬಿದ್ದರೆ ಬಿರುಕಿನ ಮೇಲೆ ತೆಳುವಾದ ಸೇತುವೆ ಹಾಗೆ ಮುಚ್ಚಿಕೊಳ್ಳುತ್ತದೆ. ನೋಡೋಕೆ ನೆಲದ ಹಾಗೇ ಇರುತ್ತದೆ. ಅದರ ಮೇಲೆ ಶೌರ್ಯ ನಡೆಯುವುದಿಲ್ಲ.

ನಮ್ಮ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಅವರ ಹೆಸರು ಇಲ್ಲಿ ಯಾರಿಗಾದರೂ ನೆನಪಿದೆಯಾ? 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಪೋಸ್ಟ್ ಮೇಲೆ ಹಿಮ ಕುಸಿಯಿತು. 10 ಜನ. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನದ ಮೇಲೆ ಜೀವಂತ ತೆಗೆದರು, 11ನೇ ತಾರೀಕು ಅವರೂ ಹೋದರು. ಎಚ್.ಡಿ. ಕೋಟೆಯ ಮಹೇಶ್ ಇದ್ದರು ಅದರಲ್ಲಿ. ಇವರೆಲ್ಲ ತರಬೇತಿ ಆದವರು, ನಮಗಿಂತ ನಿಮಗಿಂತ ಗಟ್ಟಿ ಮನುಷ್ಯರು.

ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಮಲೆನಾಡಿನ ಕಾಲು ಅಂತ ಹೇಳಿ ವಯಸ್ಸಾದವರನ್ನು ಹುರಿದುಂಬಿಸಬೇಡಿ.

ಕೊಪ್ಪದ_ಕಾಫಿಗಿಡ
ಸರ್, ನಿಮಗೆ ನಮಸ್ಕಾರ. ತೇಜೂರಿನವರ ವಿಷಯ ಅಪ್ಪನಿಗೆ ನೆನಪಿದೆಯಂತೆ, ಪೇಪರಿನಲ್ಲಿ ಓದಿದ್ದರಂತೆ.

ಸಕಲೇಶಪುರ_ಘಾಟಿ
ಸೈನಿಕರ ಮೇಲೆ ನನಗೂ ಗೌರವ ಇದೆ ಸರ್. ಆದರೆ ಸಿಯಾಚಿನ್‌ಗೂ ಗೋಮುಖಕ್ಕೂ ಹೋಲಿಕೆ ಮಾಡಿದರೆ ಹೇಗೆ? ಗೋಮುಖಕ್ಕೆ ಚಪ್ಪಲಿ ಹಾಕಿಕೊಂಡು ಬರುವ ಬಾಬಾಗಳಿದ್ದಾರೆ.

ಗಿರಿಸೀಮೆ
ಸಿಯಾಚಿನ್ ಬಿಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಟ್ರೆಕ್‌ಗೆ ನಮ್ಮ ರಾಜ್ಯದಿಂದಲೇ ಹೋದ ತಂಡ. ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಮಂತ್ರಿ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೇ ಹೋಗಿ ಕೂರಬೇಕಾಯಿತು. ಅದರಲ್ಲಿ ಟ್ರೆಕ್ಕಿಂಗ್ ಅನುಭವ ಇದ್ದವರೂ ಇದ್ದರು. ಚಪ್ಪಲಿ ಬಾಬಾಗಳು ಅಲ್ಲೇ ಇದ್ದು ಮೈ ಪಳಗಿಸಿಕೊಂಡವರು ಸ್ವಾಮಿ.

ನರ್ಸಮ್ಮ_ಹಾಸನ
ಬಿಪಿ ವಿಷಯ ಯಾರೂ ಮುಟ್ಟಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು.

ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ, 4,000 ಮೀಟರಿಗೆ ಹೋಗುತ್ತೇವೆ ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ "ಯಾತ್ರೆ" ಅಂದರೆ ಅವರು ಧರ್ಮಸ್ಥಳ ಅಂದುಕೊಳ್ಳುತ್ತಾರೆ. ಇಸಿಜಿ ಮಾಡಿಸಿ. ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಎತ್ತರಕ್ಕೆ ಡಯಾಮಾಕ್ಸ್ ಮಾತ್ರೆ ಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದವರು, ಬೇರೆ ಮಾತ್ರೆ ತಗೊಳ್ಳುವವರು ಕೇಳದೆ ಅದನ್ನು ನುಂಗಬಾರದು.

ಇನ್ನು ಮೇಲೆ ಹತ್ತುವ ಕ್ರಮ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಗಂಗೋತ್ರಿ 3,100, ಭೋಜ್‌ಬಾಸಾ 3,800 ಹತ್ತಿರ. ಲೆಕ್ಕ ಹಾಕಿ, ಒಂದೇ ದಿನಕ್ಕೆ ಜಾಸ್ತಿಯೇ ಆಯಿತು. ಹಾಗಾಗಿ ಗಂಗೋತ್ರಿಗಿಂತ ಮೊದಲು ಸಿಗುವ ಹರ್ಷಿಲ್‌ನಲ್ಲಿ ಒಂದು ರಾತ್ರಿ, ಗಂಗೋತ್ರಿಯಲ್ಲಿ ಕನಿಷ್ಠ ಎರಡು ರಾತ್ರಿ ಇರಲಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು ಬಂದರೆ ಮೇಲೆ ಹೋಗಬೇಡಿ, ಅಲ್ಲೇ ನಿಲ್ಲಿ. ಕೂತಲ್ಲೇ ಏದುಸಿರು, ಕೆಮ್ಮು, ನಡೆಯುವಾಗ ತೂರಾಡುವುದು, ಮಾತು ತಡವರಿಸುವುದು ಕಂಡರೆ ಆಗಲೇ ಕೆಳಗೆ ಇಳಿಸಿ. ರಾತ್ರಿಯಾದರೂ ಸರಿ. ಬೆಳಗಾಗಲಿ ಅಂತ ಕಾಯಬೇಡಿ.

ಇನ್ನೊಂದು ವಿಷಯ. ಗಂಡಸರು ತಲೆನೋವು ಇದೆ ಅಂತ ಒಪ್ಪಿಕೊಳ್ಳುವುದೇ ಇಲ್ಲ, ಅದರಲ್ಲೂ ತೋಟದ ಗೌಡರು. ನೀವೇ ಗಮನ ಇಟ್ಟಿರಬೇಕು.

ಕೊಪ್ಪದ_ಕಾಫಿಗಿಡ
ಅಕ್ಕಾ, ಕೊನೆಯ ಸಾಲು ಅಮ್ಮನಿಗೆ ಓದಿ ಹೇಳಿದೆ. ಅವರು ನಕ್ಕಿದ್ದು ಕೊಟ್ಟಿಗೆವರೆಗೂ ಕೇಳಿಸಿತು.

ಚನ್ನರಾಯಪಟ್ಟಣ_ತೆಂಗು
ನನ್ನದೊಂದು ಅನುಮಾನ. ಹಿಮನದಿ ಎಲ್ಲ ಕರಗುತ್ತಿದೆ ಅಂತಾರೆ, ಜನ ಹೋಗಿ ತುಳಿದು ಇನ್ನೂ ಹಾಳು ಮಾಡುತ್ತಿದ್ದಾರೆ. ಮನೆಯಲ್ಲಿ ಕೂತು ಯೂಟ್ಯೂಬ್‌ನಲ್ಲಿ ನೋಡಿದರೆ ಆಗಲ್ವಾ?

ಮೇಷ್ಟ್ರು_ಕಡೂರು
ತುಳಿದರೆ ಕರಗುವುದಿಲ್ಲ. ಬಿಸಿ ಏರಿದ್ದಕ್ಕೆ ಕರಗುತ್ತಿರುವುದು. 2022, 2023 ಎರಡೇ ವರ್ಷದಲ್ಲಿ ಸ್ವಿಟ್ಜರ್ಲೆಂಡ್‌ನ ಹಿಮನದಿಗಳು ತಮ್ಮ ಗಾತ್ರದ ಶೇ. 10ರಷ್ಟು ಕಳೆದುಕೊಂಡವು. ಅಲ್ಲಿ ರೋನ್ ಹಿಮನದಿಗೆ ಬೇಸಿಗೆಯಲ್ಲಿ ಬಿಳಿ ಹೊದಿಕೆ ಹೊದಿಸುತ್ತಾ ಬಂದಿದ್ದಾರೆ, ಪ್ರವಾಸಿಗರಿಗೆ ಅಂತ ಕೊರೆದ ಐಸ್ ಗುಹೆ ಉಳಿಯಲಿ ಅಂತ. ನ್ಯೂಜಿಲೆಂಡ್‌ನ ಫ್ರಾನ್ಜ್ ಜೋಸೆಫ್ ಹಿಮನದಿಗೆ ಮೊದಲು ಕಣಿವೆಯಿಂದ ನಡೆದೇ ಹತ್ತುತ್ತಿದ್ದರು. ಅದು ಹಿಂದೆ ಸರಿದು ಸರಿದು, 2012ರಿಂದ ಹೆಲಿಕಾಪ್ಟರ್‌ನಲ್ಲಿ ಮೇಲೆ ಇಳಿಸುವುದೊಂದೇ ದಾರಿ. ಐಸ್‌ಲ್ಯಾಂಡ್‌ನಲ್ಲಿ ಓಕ್ ಅನ್ನುವ ಹಿಮನದಿ ಸತ್ತಿತು ಅಂತ 2019ರಲ್ಲಿ ಫಲಕವನ್ನೇ ನೆಟ್ಟರು. ವಿಶ್ವಸಂಸ್ಥೆ 2025ನ್ನು ಹಿಮನದಿಗಳ ವರ್ಷ ಅಂತ ಕರೆದದ್ದು ಸುಮ್ನೆ ಅಲ್ಲ.

ಗಿರಿಸೀಮೆ
ಮೇಷ್ಟ್ರೇ, ಗೋಮುಖದ ಮೇಲೆ ಅಷ್ಟು ಕಲ್ಲುಮಣ್ಣು ಇದೆಯಲ್ಲ, ಕಪ್ಪಗಿರುವುದು ಬಿಸಿಲು ಹೀರಿ ಬೇಗ ಕರಗಬೇಕಲ್ವಾ?

ಮೇಷ್ಟ್ರು_ಕಡೂರು
ಒಳ್ಳೆ ಪ್ರಶ್ನೆ. ತೆಳುವಾದ ಧೂಳು, ಮಸಿ ಇದ್ದರೆ ನೀವು ಹೇಳಿದ ಹಾಗೆ ಬೇಗ ಕರಗುತ್ತದೆ. ಕಲ್ಲಿನ ಪದರ ದಪ್ಪ ಇದ್ದರೆ ಉಲ್ಟಾ. ಬಿಸಿಲಿನ ಕಾವು ಕೆಳಗೆ ಇಳಿಯುವುದಿಲ್ಲ, ಕರಗುವುದು ನಿಧಾನವಾಗುತ್ತದೆ. ಆದರೂ ಗಂಗೋತ್ರಿ ಹಿಮನದಿಯ ಮೂತಿ ಹಿಂದೆ ಸರಿಯುತ್ತಲೇ ಇದೆ.

ಬೇಲೂರು_ಬಸ್‌ಸ್ಟ್ಯಾಂಡ್
ನಮ್ಮ ಮುಳ್ಳಯ್ಯನಗಿರಿಗೂ ದಿನಕ್ಕೆ 150 ಜನ ಅಂತ ಮಾಡಿದರೆ ಎಷ್ಟು ಚೆನ್ನಾಗಿರುತ್ತಿತ್ತು. ಕಳೆದ ಭಾನುವಾರ ಕೈಮರದಲ್ಲೇ ಗಾಡಿ ಸಾಲು.

ಮೂಡಿಗೆರೆ_ಮಳೆ
ಗಾಡಿಗೆ ಆನ್‌ಲೈನ್ ಬುಕಿಂಗ್ ಬಂದ ಮೇಲೂ ಹೀಗಾ? ಕುದುರೆಮುಖಕ್ಕೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದ್ದಕ್ಕೆ ಆ ಹುಲ್ಲುಗಾವಲು ಸ್ವಲ್ಪ ಉಸಿರಾಡುತ್ತಿದೆ.

ಸಕಲೇಶಪುರ_ಘಾಟಿ
ನಮ್ಮ ಕಡೆಗೆ ಜನರೇ ಬರುವುದು ಬೇಡ, ಆನೆಗಳೇ ಸಾಕು. ನಿನ್ನೆ ರಾತ್ರಿ ಪಕ್ಕದ ತೋಟದಲ್ಲಿ ಬಾಳೆ ಪೂರ್ತಿ ನೆಲಸಮ. ಇದಕ್ಕೊಂದು ಬೇರೆ ಚರ್ಚೆ ಶುರು ಮಾಡಿ ಯಾರಾದರೂ.

ಹಾಸನ_ಟು_ರೇಕ್ಯಾವಿಕ್
ಆನೆ ಕಥೆ ಓದಿ ಊರು ನೆನಪಾಯಿತು. ಇಲ್ಲಿ ಇಂಬಳ ಕೂಡ ಇಲ್ಲ ಮಾರಾಯ್ರೆ, ಸೊಳ್ಳೆಯೂ ಅಪರೂಪ.

ಮಾಜಿಸೈನಿಕ_ಅರಕಲಗೂಡು
ವಿಷಯಕ್ಕೆ ಬರೋಣ. ಕೊಪ್ಪದ ತಂಗೀ, ಅಪ್ಪನಿಗೆ ಹಿಮನದಿ ಹತ್ತಿರದಿಂದ ನೋಡಬೇಕು, ಜಾಸ್ತಿ ನಡೆಯುವುದು ಬೇಡ ಅಂದರೆ ಬೇರೆ ದಾರಿಯೂ ಇದೆ. ಕಾಶ್ಮೀರದ ಸೋನ್‌ಮಾರ್ಗ್‌ನಲ್ಲಿ ಥಾಜಿವಾಸ್ ಹಿಮನದಿ. ಎತ್ತರ ಅಷ್ಟಿಲ್ಲ, ಕುದುರೆ ಸಿಗುತ್ತದೆ. ರೇಟು ಮಾತ್ರ ಮೊದಲೇ ಮಾತಾಡಿಕೊಳ್ಳಿ. ಕಾರ್ಗಿಲ್‌ನಿಂದ ಝಾನ್ಸ್ಕರ್ ಕಡೆ ಹೋಗುವಾಗ ಪೆನ್ಸಿ ಲಾ ಅನ್ನುವ ಘಾಟಿಯ ಹತ್ತಿರ ರಸ್ತೆಯಲ್ಲೇ ನಿಂತು ದ್ರಾಂಗ್ ದ್ರುಂಗ್ ಹಿಮನದಿ ಪೂರ್ತಿ ನೋಡಬಹುದು, ದೊಡ್ಡ ಹಿಮನದಿ ಅಂದರೆ ಏನು ಅಂತ ಆಗ ಗೊತ್ತಾಗುತ್ತದೆ. ಆದರೆ ಅದು 4,400 ಮೀಟರ್. ಕಾರಿನಲ್ಲಿ ಹೋದರೂ ತಲೆ ಹಿಡಿಯುತ್ತದೆ.

ಗಂಗೋತ್ರಿಗೇ ಹೋಗುವುದಾದರೆ ರಸ್ತೆ ಸ್ಥಿತಿ ಕೇಳಿಕೊಂಡು ಹೋಗಿ. 2025ರ ಆಗಸ್ಟ್ 5ರಂದು ಧರಾಲಿಯಲ್ಲಿ ಪ್ರವಾಹ ಬಂದು ಊರೇ ಕೆಸರಲ್ಲಿ ಹೂತುಹೋಯಿತಲ್ಲ, ಅದು ಇದೇ ದಾರಿಯಲ್ಲಿ, ಹರ್ಷಿಲ್ ಪಕ್ಕ. ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ವಾಪಸ್ ಟಿಕೆಟ್ ಮಾಡಿಸಿ.

ಕೊಪ್ಪದ_ಕಾಫಿಗಿಡ
ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಕೂತು ಮಾತಾಡಿದೆವು. ಗೋಮುಖವೇ, ತಪೋವನ ಇಲ್ಲ. ಉತ್ತರಕಾಶಿಯಿಂದ ಒಬ್ಬ ಗೈಡ್, ಸಾಮಾನಿಗೆ ಒಬ್ಬ ಪೋರ್ಟರ್. ಹರ್ಷಿಲ್, ಗಂಗೋತ್ರಿ ನರ್ಸಮ್ಮ ಅಕ್ಕ ಹೇಳಿದ ಹಾಗೆ. ಚಿರ್‌ಬಾಸಾದಲ್ಲಿ ಟೆಂಟ್ ಹಾಕಿ ಉಳಿಯಬಹುದಾ ಅಂತ ಕೇಳುತ್ತಿದ್ದೇವೆ, ಹಾಗೆ ಉಳಿಯಲು ಆದರೆ ಏರು ಎರಡು ಭಾಗ ಆಗುತ್ತದೆ. ಇಸಿಜಿ ಬುಧವಾರ. ಅಪ್ಪ ಭೋಜ್‌ಬಾಸಾದಲ್ಲಿ ಸುಸ್ತಾದರೆ ಅಲ್ಲಿಂದಲೇ ವಾಪಸ್. ಇದಕ್ಕೆ ಅವರು ಒಪ್ಪಿದ್ದಾರೆ, ಮುಖ ಸಪ್ಪೆ ಮಾಡಿಕೊಂಡು.

ಹಿಮನದಿ ಮೇಲೆ ನಡೆಯುವುದಿಲ್ಲ ಅಂತ ಹೇಳಿದೆ. "ಮುಟ್ಟೋಕಾದರೂ ಬಿಡ್ತಾರಾ?" ಅಂತ ಕೇಳುತ್ತಿದ್ದಾರೆ.

ಮೂಡಿಗೆರೆ_ಮಳೆ
ಹೊಳೆಯಲ್ಲಿ ತೇಲಿ ಬಂದ ತುಂಡು ದಡದ ಕಲ್ಲಿಗೆ ಸಿಕ್ಕಿ ನಿಂತಿರುತ್ತವೆ. ಗೈಡ್ ಹತ್ತಿರ ಕೇಳಿ, ಸುರಕ್ಷಿತ ಜಾಗ ನೋಡಿ ಒಂದು ಎತ್ತಿ ಕೊಡುತ್ತಾನೆ.

ಸಕಲೇಶಪುರ_ಘಾಟಿ
ನಾನು ಈಗಲೂ ತಪೋವನ ಅಂತಲೇ ಹೇಳುತ್ತೇನೆ.

ಗಿರಿಸೀಮೆ
ನೀವು ಹೋಗಿದ್ದೀರಾ ಸ್ವಾಮಿ?

ಸಕಲೇಶಪುರ_ಘಾಟಿ
ಭಾವ ಹೋಗಿದ್ದಾರೆ.

ನರ್ಸಮ್ಮ_ಹಾಸನ
😂😂

ಚನ್ನರಾಯಪಟ್ಟಣ_ತೆಂಗು
ಕೊಪ್ಪದವರೇ, ಬೆಂಗಳೂರು ಏರ್‌ಪೋರ್ಟ್‌ಗೆ ಹಾಸನದ ದಾರಿಯಲ್ಲಿ ಕಾರಲ್ಲಿ ಹೋಗುವುದಾದರೆ ಚನ್ನರಾಯಪಟ್ಟಣದ ಮೇಲೇ ಬರುತ್ತೀರಿ. ಬೈಪಾಸ್‌ನಲ್ಲಿ ನಿಂತಿರುತ್ತೇನೆ, ನಾಲ್ಕು ಎಳನೀರು ಇಟ್ಟುಕೊಂಡು. ನನ್ನ ಹೆಂಡತಿ ಒಂದು ಬಾಟಲಿ ಗಂಗಾಜಲಕ್ಕೆ ಹೇಳಿದ್ದಾಳೆ.

ಕೊಪ್ಪದ_ಕಾಫಿಗಿಡ
ಬರ್ತೀವಿ ಅಣ್ಣ. ಬಾಟಲಿ ನೀವೇ ಕೊಡಿ, ಮುಚ್ಚಳ ಗಟ್ಟಿ ಇರಲಿ.